ಅಂಗಡಿಯ ಹಣೆಬರಹ

ಯಾವುದೇ ಊರಿನ ಪೇಟೆ ಬೀದಿಯಲ್ಲಿ ನಡೆದು ಹೋಗುವವರಿಗೆ ಮೊದಲು ಕಾಣುವುದು ಅಂಗಡಿಯೊಳಗಿನ ಸರಕಲ್ಲ, ಬಾಗಿಲ ಮೇಲಿನ ಬೋರ್ಡು. ಕಿರಾಣಿ ಅಂಗಡಿಯವನು ಬೆಲ್ಲದ ಪೆಂಟೆಯನ್ನೋ ಮೆಣಸಿನಕಾಯಿ ಚೀಲವನ್ನೋ ಹೊರಗಿಟ್ಟು ತನ್ನ ವ್ಯಾಪಾರ ಯಾವುದೆಂದು ತೋರಿಸಬಲ್ಲ. ಬಟ್ಟೆ ಅಂಗಡಿಯವನು ಸೀರೆಯನ್ನು ತೂಗುಹಾಕಬಲ್ಲ. ಆದರೆ ಬ್ಯೂಟಿ ಪಾರ್ಲರ್ ನಡೆಸುವ ಹೆಣ್ಣುಮಗಳು ಏನನ್ನು ಹೊರಗಿಡಬೇಕು? ಅವಳು ಮಾರುವುದು ಕೈಚಳಕವನ್ನು. ಅದು ನಡೆಯುವುದು ಪರದೆಯ ಒಳಗೆ. ಹೊರಗಿನವರಿಗೆ ಕಾಣಿಸುವುದು ಒಂದು ಹೆಸರು, ಒಂದು ಚಿತ್ರ, ಒಂದೆರಡು ಬಣ್ಣ ಮಾತ್ರ. ಹಾಗಾಗಿ ಬೇರೆ ಅಂಗಡಿಗಳಿಗೆ ಬೋರ್ಡು ಒಂದು ಅಲಂಕಾರವಾದರೆ ಪಾರ್ಲರಿಗೆ ಅದು ಅರ್ಧ ಬಂಡವಾಳವೇ ಸರಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಇಂದು ಬ್ಯೂಟಿ ಪಾರ್ಲರ್ ಅಪರೂಪದ ವಸ್ತುವಲ್ಲ. ಮದುವೆ ಸುಗ್ಗಿಯಲ್ಲಿ ಹಳ್ಳಿಗಳಿಂದಲೂ ಮದುಮಗಳ ಕಡೆಯವರು ಹುಡುಕಿಕೊಂಡು ಬರುತ್ತಾರೆ. ಆದರೆ ಹೊಸದಾಗಿ ಅಂಗಡಿ ತೆರೆಯುವವರ ಲೆಕ್ಕ ಕೂಡುವುದು ಕಷ್ಟ. ಮಳಿಗೆಯ ಮುಂಗಡ, ಕುರ್ಚಿ, ಕನ್ನಡಿ, ಸಾಮಗ್ರಿ ಎಲ್ಲ ಕಳೆದು ಉಳಿದದ್ದರಲ್ಲಿ ‘ಲೋಗೋ’ ಎಂಬುದಕ್ಕೆ ಎಷ್ಟು ತೆಗೆದಿಡುವುದು? ನಗರದ ವಿನ್ಯಾಸ ಸಂಸ್ಥೆಗಳು ಕೇಳುವ ಹಣ ಇವರ ಕೈಗೆ ಎಟುಕುವುದಿಲ್ಲ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಚಿತ್ರ ಹಾಕಿಸಿದರೆ ಪಕ್ಕದ ಬೀದಿಯ ಪಾರ್ಲರಿನಲ್ಲೂ ಅದೇ ಮುಖ, ಅದೇ ಹಾರುವ ಕೂದಲು. ಇದು ಹೊಸ ಕಾಲದ ಸಮಸ್ಯೆ ಎಂದು ತೋರಬಹುದು. ಆದರೆ ‘ಇದು ನಮ್ಮದು’ ಎಂದು ಗುರುತು ಮಾಡುವ ಕೆಲಸ ಈ ನೆಲದಲ್ಲಿ ಸಾವಿರ ವರ್ಷಗಳಿಂದ ನಡೆದು ಬಂದಿದೆ. ಆ ಇತಿಹಾಸದೊಳಗೆ ಇಂದಿನ ಪ್ರಶ್ನೆಗೂ ಕೆಲವು ಉತ್ತರಗಳಿವೆ.

ಎರಡು ಐನೂರು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಇಂದು ಒಂದು ಹಳ್ಳಿ. ಶಾಸನಗಳ ಕಾಲದಲ್ಲಿ ಅದು ‘ಕೋಗಳಿ ಐನೂರು’ ಎಂಬ ನಾಡಿನ ಮುಖ್ಯ ಸ್ಥಳವಾಗಿತ್ತು. ಇಲ್ಲಿನ ಬಸದಿಯನ್ನು ಗಂಗ ದೊರೆ ದುರ್ವಿನೀತ ಕಟ್ಟಿಸಿದನೆಂದು 11ನೇ ಶತಮಾನದ ಶಾಸನವೊಂದು ಹೇಳುತ್ತದೆ. ಇಲ್ಲಿ ಐನೂರು ಎಂಬುದು ನಾಡಿನ ಹೆಸರಿನ ಜೊತೆ ಬರುವ ಸಾಂಪ್ರದಾಯಿಕ ಸಂಖ್ಯೆ. ಅದೇ ಕಾಲದಲ್ಲಿ ಇನ್ನೊಂದು ಐನೂರು ಕೂಡ ಇತ್ತು. ಅದು ಇಂದಿನ ಐಹೊಳೆಯನ್ನು ಮೂಲವಾಗಿಸಿಕೊಂಡಿದ್ದ ವ್ಯಾಪಾರಿಗಳ ಸಂಘ, ‘ಅಯ್ಯಾವೊಳೆ ಐನೂರ್ವರು’. ದಕ್ಷಿಣ ಭಾರತದುದ್ದಕ್ಕೂ ಸಂಚರಿಸಿ, ಕಡಲಾಚೆಗೂ ಹೋಗಿ ವ್ಯಾಪಾರ ಮಾಡಿದ ಈ ಸಂಘದವರು ತಮ್ಮ ಪ್ರಶಸ್ತಿಯಲ್ಲಿ ‘ಗುಡ್ಡಧ್ವಜ’ ಉಳ್ಳವರೆಂದು ಹೇಳಿಕೊಂಡಿದ್ದಾರೆ. ಗುರುತಿಲ್ಲದ ಊರಿಗೆ ಸರಕು ಹೊತ್ತು ಹೋಗುವವನಿಗೆ ತಾನು ಯಾರ ಕಡೆಯವನು ಎಂದು ದೂರದಿಂದಲೇ ತಿಳಿಸುವ ಬಾವುಟ ಬೇಕಿತ್ತು. ಇಂದಿನ ಮಾತಿನಲ್ಲಿ ಅದನ್ನೇ ‘ಬ್ರಾಂಡ್’ ಎನ್ನುತ್ತೇವೆ.

ರಾಜರಿಗಂತೂ ಲಾಂಛನವಿಲ್ಲದೆ ಆಜ್ಞೆಯೇ ಇರಲಿಲ್ಲ. ಚಾಲುಕ್ಯರ ವರಾಹವನ್ನು ಮುಂದೆ ವಿಜಯನಗರದ ಅರಸರೂ ತಮ್ಮ ಲಾಂಛನದಲ್ಲಿ ಇಟ್ಟುಕೊಂಡರು. ಅದರ ಜೊತೆಗೆ ಕತ್ತಿ, ಸೂರ್ಯ, ಚಂದ್ರರು ಸೇರಿದರು. ಜನ ಚಿನ್ನದ ನಾಣ್ಯವನ್ನೇ ‘ವರಾಹ’ ಎಂದು ಕರೆಯತೊಡಗಿದರು. ಗುರುತೇ ವಸ್ತುವಿನ ಹೆಸರಾಗಿ ನಿಲ್ಲುವುದು ಹೊಸತಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಶಾಸನದ ಕಲ್ಲಿನ ನೆತ್ತಿಯ ಮೇಲೆ ಕೊರೆದ ಸೂರ್ಯ ಚಂದ್ರ, ಹಸು ಕರುಗಳೂ ಹೀಗೆಯೇ. ಅಕ್ಷರ ಓದಲು ಬಾರದವನಿಗೂ ಈ ಕಲ್ಲು ದಾನಶಾಸನ, ಇದನ್ನು ಕೆಡಿಸಬಾರದು ಎಂದು ಅವು ಹೇಳುತ್ತಿದ್ದವು.

ಕುಶಲಕರ್ಮಿಗಳೂ ಹಿಂದೆ ಬಿದ್ದಿರಲಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳು ಬಿರುದು ಸಮೇತ ಕೆತ್ತಲ್ಪಟ್ಟಿವೆ. ಕನ್ನಡಿ ಹಿಡಿದು ತನ್ನ ಮುಖ ನೋಡಿಕೊಳ್ಳುವ ‘ದರ್ಪಣ ಸುಂದರಿ’ ಇರುವುದೂ ಅಲ್ಲಿಯೇ. ನಮ್ಮ ಸೀಮೆಯಲ್ಲೇ ಇಂತಹ ಚೆಲುವನ್ನು ನೋಡಬೇಕೆಂದರೆ ಹಡಗಲಿ ತಾಲ್ಲೂಕಿನ ಕುರುವತ್ತಿಗೆ ಹೋಗಬೇಕು. ತುಂಗಭದ್ರೆಯ ದಂಡೆಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕಲೆಯ ಹೆಸರಾಂತ ಮಾದರಿಗಳು. ತೊಟ್ಟ ಆಭರಣದಲ್ಲಿ, ನಿಂತ ಭಂಗಿಯಲ್ಲಿ ಆ ಶಿಲ್ಪಿಗಳು ತೋರಿದ ಸೂಕ್ಷ್ಮತೆ ಇಂದಿನ ಅಲಂಕಾರ ಕಲೆಗೂ ಪಾಠವಾಗಬಲ್ಲದು.

ಅಂಕಿತ ಎಂಬ ಮುದ್ರೆ

ಕನ್ನಡದಲ್ಲಿ ಗುರುತಿಗೆ ಇನ್ನೊಂದು ಸೊಗಸಾದ ಪದವಿದೆ: ಅಂಕಿತ. ವಚನಕಾರರು, ಹರಿದಾಸರು ತಮ್ಮ ರಚನೆಯ ಕೊನೆಗೆ ಇಡುತ್ತಿದ್ದ ಮುದ್ರೆ ಅದು. 12ನೇ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಶರಣ ಹಡಪದ ಅಪ್ಪಣ್ಣನವರ ಅಂಕಿತ ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’. ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿಯೇ. ಅವರದು ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಹಡಪ ಎಂದರೆ ಎಲೆ ಅಡಿಕೆಯ ಚೀಲ. ಕ್ಷೌರಿಕ ವೃತ್ತಿಯ ಹಡಪದ ಸಮಾಜ ಇಂದಿಗೂ ಅಪ್ಪಣ್ಣನವರನ್ನು ತನ್ನ ಕುಲಗುರುವಾಗಿ ಗೌರವಿಸುತ್ತದೆ. ಹತ್ತೊಂಬತ್ತನೇ ಶತಮಾನಕ್ಕೆ ಬಂದರೆ ಹರಪನಹಳ್ಳಿ ಭೀಮವ್ವನವರು ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಹಾಡುಗಳನ್ನು ರಚಿಸಿದರು. ಹಾಡು ಬಾಯಿಂದ ಬಾಯಿಗೆ ಹೋದರೂ ಇದು ಯಾರದೆಂದು ತಿಳಿಯುತ್ತಿದ್ದುದು ಆ ಒಂದು ಪದದಿಂದ. ಖರ್ಚಿಲ್ಲದ, ಕದಿಯಲಾಗದ, ನೆನಪಿನಲ್ಲಿ ಉಳಿಯುವ ಗುರುತು ಎಂದರೆ ಹೀಗಿರಬೇಕು.

ಅಂಕಿತಕ್ಕೆ ಖರ್ಚಿಲ್ಲವೆಂದ ಮಾತ್ರಕ್ಕೆ ಅಂದಿನ ವೃತ್ತಿಗಳಿಗೆ ಖರ್ಚಿರಲಿಲ್ಲ ಎಂದಲ್ಲ. ವಿಜಯನಗರದ ಕಾಲದಲ್ಲಿ ಕ್ಷೌರಿಕರೂ ತೆರಿಗೆ ತೆರಬೇಕಿತ್ತು. ಸದಾಶಿವರಾಯನ ಆಳ್ವಿಕೆಯಲ್ಲಿ, 1540ರ ದಶಕದಲ್ಲಿ, ಅಧಿಕಾರ ನಡೆಸುತ್ತಿದ್ದ ಅಳಿಯ ರಾಮರಾಯನು ಕೊಂಡೋಜ ಮೊದಲಾದ ಕ್ಷೌರಿಕರ ಸೇವೆಗೆ ಮೆಚ್ಚಿ ಆ ವೃತ್ತಿಯವರ ಮೇಲಿನ ತೆರಿಗೆಗಳನ್ನು ಬಿಟ್ಟುಕೊಟ್ಟ. ಇದನ್ನು ಸಾರುವ ಶಾಸನಗಳು ಹಲವೆಡೆ ದೊರೆತಿವೆ. ಸಾಮ್ರಾಜ್ಯದ ಬೊಕ್ಕಸಕ್ಕೆ ಸಣ್ಣದಾಗಿದ್ದರೂ ಒಬ್ಬ ಕ್ಷೌರಿಕನ ಮನೆಗೆ ಅದು ದೊಡ್ಡದು. ಇಲ್ಲದಿದ್ದರೆ ಆ ಮಾತನ್ನು ಊರೂರಿನಲ್ಲಿ ಕಲ್ಲಿಗೆ ಹಾಕಿಸುವ ಅಗತ್ಯವಿರುತ್ತಿರಲಿಲ್ಲ. ಸಣ್ಣ ವೃತ್ತಿಯ ಖರ್ಚು ಎಂಬುದು ಆಗಲೂ ಗಂಭೀರ ವಿಷಯವಾಗಿತ್ತು.

ಬೋರ್ಡು ಎಂದರೆ ಆಹ್ವಾನ

ಬಹುಕಾಲ ಕ್ಷೌರಿಕನಿಗೆ ಅಂಗಡಿಯೇ ಇರಲಿಲ್ಲ. ಹಡಪ ಹಿಡಿದು ಮನೆಮನೆಗೆ ಹೋಗುವುದು, ಸುಗ್ಗಿಯಲ್ಲಿ ಆಯವಾಗಿ ಕಾಳು ಪಡೆಯುವುದು ಹಳ್ಳಿಯ ಪದ್ಧತಿ. ಎಲ್ಲರೂ ಬಲ್ಲ ಮನುಷ್ಯನಿಗೆ ಬೋರ್ಡು ಏಕೆ? ಪೇಟೆ ಬೆಳೆದು, ಗುರುತಿಲ್ಲದವರು ಬರತೊಡಗಿದ ಮೇಲೆ ಕುರ್ಚಿ, ಕನ್ನಡಿಗಳ ಜೊತೆಗೆ ಬೋರ್ಡೂ ಬಂತು. ‘ಕ್ಷೌರದ ಅಂಗಡಿ’ ಹೋಗಿ ‘ಹೇರ್ ಕಟಿಂಗ್ ಸಲೂನ್’ ಆಯಿತು. ಸಲೂನ್ ಎಂಬುದರ ಮೂಲ, ಅತಿಥಿಗಳನ್ನು ಕೂಡಿಸುವ ಹಜಾರ ಎಂಬರ್ಥದ ಫ್ರೆಂಚ್ ಪದ. ಜಾತಿಯ ಹೆಸರಿನಿಂದಲೇ ಕರೆಸಿಕೊಂಡು ಅವಮಾನ ಉಂಡಿದ್ದ ವೃತ್ತಿಯವರಿಗೆ ಈ ಹೊಸ ಹೆಸರು ಬರಿಯ ಫ್ಯಾಷನ್ ಆಗಿರಲಿಲ್ಲ. ಅದು ಮಾನದ ಪ್ರಶ್ನೆಯಾಗಿತ್ತು.

ಬೋರ್ಡಿನ ಇನ್ನೊಂದು ಅರ್ಥ ಸಂವಿಧಾನ ರಚನಾ ಸಭೆಯಲ್ಲಿ ಸ್ಪಷ್ಟವಾಯಿತು. ಜಾತಿಯ ಕಾರಣಕ್ಕೆ ಯಾರನ್ನೂ ಅಂಗಡಿಗಳಿಂದ ಹೊರಗಿಡಬಾರದು ಎಂಬ ವಿಧಿಯ ಚರ್ಚೆ 1948ರ ನವೆಂಬರ್ 29ರಂದು ನಡೆಯಿತು. ಅಂಗಡಿ ಎಂದರೆ ಏನು, ಅಗಸರ ಅಂಗಡಿ, ಕ್ಷೌರದ ಅಂಗಡಿಗಳೂ ಅದರಲ್ಲಿ ಸೇರುತ್ತವೆಯೇ ಎಂಬ ಪ್ರಶ್ನೆ ಎದ್ದಿತು. ಅದನ್ನು ಎತ್ತಿದವರು ಮದ್ರಾಸ್ ಪ್ರಾಂತ್ಯದ ಸದಸ್ಯ ಎಸ್. ನಾಗಪ್ಪ. ಡಾ. ಅಂಬೇಡ್ಕರ್ ಅವರ ಉತ್ತರದ ಸಾರಾಂಶ ಇದು: ಸೇವೆ ಬಯಸಿ ಬಂದ ಯಾರಿಗೇ ಆಗಲಿ ತನ್ನ ಸೇವೆ ನೀಡಲು ಒಡೆಯನು ಸಿದ್ಧನಿರುವ ಜಾಗವೇ ಅಂಗಡಿ. ಆ ವಿಧಿಯೇ ಇಂದಿನ 15ನೇ ವಿಧಿ. ಅಂದು ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು.

ಬೋರ್ಡು ಹಾಕುವುದು ಎಂದರೆ ‘ಬನ್ನಿ’ ಎಂದು ಎಲ್ಲರನ್ನೂ ಕರೆಯುವುದು. ಕರೆದ ಮೇಲೆ ಇಂಥವರು ಬೇಡ ಎನ್ನುವಂತಿಲ್ಲ. ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿಗಳು ನಮ್ಮ ರಾಜ್ಯದ ಹಳ್ಳಿಗಳಿಂದ ಈಚಿನ ವರ್ಷಗಳಲ್ಲೂ ಬಂದಿರುವುದನ್ನು ನೆನೆದರೆ, ಈ ಸರಳ ಮಾತಿನ ತೂಕ ತಿಳಿಯುತ್ತದೆ. ಪಾರ್ಲರಿನ ಲಾಂಛನ ಎಷ್ಟೇ ಚೆಂದವಿರಲಿ, ಬಾಗಿಲು ಎಲ್ಲರಿಗೂ ತೆರೆಯದಿದ್ದರೆ ಆ ಬೋರ್ಡೇ ಸುಳ್ಳು.

ಶರಭ ಹೊತ್ತ ಸಾಬೂನು

ಸೌಂದರ್ಯ ಸಾಮಗ್ರಿಗೆ ಲಾಂಛನ ಆರಿಸುವ ಕೆಲಸ ಕನ್ನಡ ನಾಡಿನಲ್ಲಿ ಒಮ್ಮೆ ಬಹಳ ಚೆನ್ನಾಗಿ ನಡೆದಿದೆ. ಮೊದಲ ಮಹಾಯುದ್ಧದಿಂದ ಮೈಸೂರು ಸಂಸ್ಥಾನದ ಶ್ರೀಗಂಧದ ರಫ್ತು ಕುಸಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಪ್ರೋತ್ಸಾಹದಿಂದ 1916ರಲ್ಲಿ ಗಂಧದೆಣ್ಣೆ ತೆಗೆಯುವ ಉದ್ಯಮ ಶುರುವಾಯಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಆ ಎಣ್ಣೆಯಿಂದ ಮೈಸೂರ್ ಸ್ಯಾಂಡಲ್ ಸಾಬೂನನ್ನು ರೂಪಿಸಿದರು. ಅದಕ್ಕೆ ಅವರು ಆರಿಸಿದ ಗುರುತು ಶರಭ, ಅಂದರೆ ಸಿಂಹದ ಒಡಲಿಗೆ ಆನೆಯ ತಲೆಯುಳ್ಳ ಕಾಲ್ಪನಿಕ ಪ್ರಾಣಿ. ನಮ್ಮ ರಾಜ್ಯ ಲಾಂಛನದಲ್ಲಿ ಗಂಡಭೇರುಂಡದ ಎರಡೂ ಬದಿ ನಿಂತಿರುವುದು ಇದೇ ಶರಭ.

ಇದರಲ್ಲಿ ಮೂರು ಜಾಣತನಗಳಿವೆ. ಆ ಚಿತ್ರ ಹೊರಗಿನಿಂದ ತಂದದ್ದಲ್ಲ. ಜನ ದೇವಾಲಯಗಳಲ್ಲಿ, ಅರಮನೆಯಲ್ಲಿ ಕಂಡು ಬಲ್ಲದ್ದು. ಅದು ಸಾಬೂನಿನ ಚಿತ್ರವೂ ಅಲ್ಲ, ಚೆಲುವೆಯ ಮುಖವೂ ಅಲ್ಲ. ಹಾಗಾಗಿ ಬೇರೆ ಸಾಬೂನಿನ ಜೊತೆ ಕಲೆಸಿಹೋಗುವ ಭಯವಿಲ್ಲ. ಮೂರನೆಯದಾಗಿ, ಸಾಬೂನಿಗೆ ಅಂಡಾಕಾರ ಕೊಟ್ಟು, ಆ ಆಕಾರವನ್ನೂ ಗುರುತಾಗಿಸಿದರು. ಕಣ್ಣು ಮುಚ್ಚಿ ಕೈಯಲ್ಲಿ ಹಿಡಿದರೂ ಯಾವ ಸಾಬೂನೆಂದು ತಿಳಿಯುತ್ತದೆ.

ಹೊರಗಿನ ಪ್ರಪಂಚದಲ್ಲೂ ಇಂಥ ಕಥೆಗಳಿವೆ. ಇಂಗ್ಲೆಂಡಿನಲ್ಲಿ 1875ರ ಕಾನೂನಿನಂತೆ ನೋಂದಣಿ ಶುರುವಾದಾಗ ಮೊದಲ ಸಂಖ್ಯೆ ಪಡೆದದ್ದು ಬಾಸ್ ಎಂಬ ಬಿಯರ್ ಕಂಪೆನಿಯ ಕೆಂಪು ತ್ರಿಕೋನ. ಅದರಲ್ಲಿ ಕೆಂಪು ಬಣ್ಣ, ಮೂರು ಗೆರೆಗಳ ಹೊರತು ಏನೂ ಇಲ್ಲ. ಮ್ಯಾಂಚೆಸ್ಟರಿನ ಗಿರಣಿಗಳು ಭಾರತಕ್ಕೆ ಬಟ್ಟೆ ಕಳುಹಿಸುವಾಗ ದೇವರ, ರಾಜರ, ಪ್ರಾಣಿಗಳ ಬಣ್ಣದ ಚೀಟಿಗಳನ್ನು ಅಂಟಿಸುತ್ತಿದ್ದವು. ಅಕ್ಷರ ಬಾರದ ಗಿರಾಕಿ ಚಿತ್ರ ನೋಡಿಯೇ ಬಟ್ಟೆ ಕೇಳುತ್ತಿದ್ದ. ಕೋಕಾ ಕೋಲಾದ ಅಕ್ಷರಗಳನ್ನು 1886ರಲ್ಲಿ ಬರೆದವನು ಆ ವ್ಯಾಪಾರದ ಲೆಕ್ಕ ಬರೆಯುತ್ತಿದ್ದ ಫ್ರಾಂಕ್ ರಾಬಿನ್ಸನ್. ಅಂದಿನ ಗುಮಾಸ್ತರು ಬರೆಯುತ್ತಿದ್ದ ಕೂಡಕ್ಷರದ ಶೈಲಿ ಅದು. ನೈಕಿ ಬೂಟಿನ ಗೀರನ್ನು 1971ರಲ್ಲಿ ರಚಿಸಿದ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್ ಆಗ ಪಡೆದದ್ದು 35 ಡಾಲರ್. ಲಾಂಛನದ ಬೆಲೆಗೂ ಅದಕ್ಕೆ ಮೊದಲ ದಿನ ಕೊಟ್ಟ ಹಣಕ್ಕೂ ನೇರ ಸಂಬಂಧವಿಲ್ಲ. ವರ್ಷಾನುಗಟ್ಟಲೆ ಒಳ್ಳೆಯ ಸರಕು ಕೊಟ್ಟಾಗ ಗುರುತಿಗೆ ಬೆಲೆ ಕೂಡುತ್ತದೆ.

ಹೆಸರಿನ ಮಾತು ಬಂದಾಗ ಲ್ಯಾಕ್ಮೆಯನ್ನು ಮರೆಯುವಂತಿಲ್ಲ. 1952ರಲ್ಲಿ ಟಾಟಾ ಸಮೂಹ ಆರಂಭಿಸಿದ ಈ ಕಂಪೆನಿಯ ಹೆಸರು ಒಂದು ಫ್ರೆಂಚ್ ಗೀತನಾಟಕದ್ದು. ಅದರ ಮೂಲ ನಮ್ಮ ಲಕ್ಷ್ಮಿಯೇ. ಹಳ್ಳಿಯ ‘ಲಕ್ಷ್ಮಿ ಬ್ಯೂಟಿ ಪಾರ್ಲರ್’ಗೂ ದೊಡ್ಡ ನಗರದ ಲ್ಯಾಕ್ಮೆ ಸಲೂನಿಗೂ ಹೆಸರಿನಲ್ಲಿ ಇರುವ ಅಂತರ ಉಚ್ಚಾರಣೆಯದಷ್ಟೇ!

ಬೋರ್ಡು ಬರೆಯುವವರು

ಸಣ್ಣ ಊರುಗಳ ಅಂಗಡಿಗಳಿಗೆ ಮುಖ ಕೊಟ್ಟವರು ಬೋರ್ಡು ಬರೆಯುವ ಕಲಾವಿದರು. ತಗಡಿಗೆ ಮೊದಲು ಒಂದು ಬಣ್ಣ ಬಳಿದು ಒಣಗಿಸಿ, ಸೀಮೆಸುಣ್ಣದಿಂದ ಗೆರೆ ಹಾಕಿ, ಎನಾಮೆಲ್ ಬಣ್ಣದಲ್ಲಿ ಅಕ್ಷರ ತುಂಬಿ, ಕೊನೆಗೆ ನೆರಳು ಕೊಡುವುದು ಅವರ ಕ್ರಮ. ಒಬ್ಬನೇ ಕಲಾವಿದ ಲಾರಿಯ ಹಿಂಭಾಗ, ಶಾಲೆಯ ಗೋಡೆ, ನಾಟಕದ ಪರದೆ, ಚುನಾವಣೆಯ ಗೋಡೆಬರಹ ಎಲ್ಲವನ್ನೂ ಮಾಡುತ್ತಿದ್ದ. ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ತನ್ನ ಹೆಸರು ಬರೆದು ಮುಂದೆ ‘ಆರ್ಟ್ಸ್’ ಎಂದು ಸೇರಿಸುತ್ತಿದ್ದ. ಬೇಲೂರಿನ ಶಿಲ್ಪಿಗಳು ಮಾಡಿದ್ದನ್ನೇ ಇವರೂ ಮಾಡಿದರು.

ಕನ್ನಡ ಅಕ್ಷರ ಬರೆಯುವುದರಲ್ಲಿ ಒಂದು ವಿಶೇಷ ತೊಡಕಿದೆ. ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ತಲೆಕಟ್ಟು, ಗುಣಿಸು ಮೇಲಕ್ಕೆ ಹೋದರೆ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಬೋರ್ಡಿನ ಎತ್ತರವನ್ನು ಮೂರು ಪಟ್ಟಿ ಮಾಡಿಕೊಳ್ಳಬೇಕು. ಒತ್ತಕ್ಷರ ಹೆಚ್ಚಿರುವ ಹೆಸರಾದರೆ ನಡುವಿನ ಅಕ್ಷರಗಳು ಚಿಕ್ಕವಾಗಿ, ದೂರದಿಂದ ಕಾಣುವುದಿಲ್ಲ. ‘ಸ್ಟೈಲಿಷ್’ ಎಂದು ಬರೆಯುವುದಕ್ಕೂ ‘ಕನಕಾಂಬರ’ ಎಂದು ಬರೆಯುವುದಕ್ಕೂ ಹೋಲಿಸಿ ನೋಡಿ. ಎರಡನೆಯದರಲ್ಲಿ ಒಂದೂ ಒತ್ತಿಲ್ಲ. ಅದೇ ಅಳತೆಯ ತಗಡಿನಲ್ಲಿ ಅಕ್ಷರಗಳು ದುಂಡಗೆ, ದೊಡ್ಡದಾಗಿ ಕೂರುತ್ತವೆ. ಅನುಭವಿ ಬರಹಗಾರನಿಗೆ ಇದು ಬೆರಳ ತುದಿಯ ಲೆಕ್ಕ.

ಮುದ್ರಣದವರೂ ಇದೇ ತೊಡಕನ್ನು ಎದುರಿಸಿದ್ದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರು ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ, ಅಂದರೆ ಕೈಬರಹದ ರೂಪದಲ್ಲೇ ಮುದ್ರಣವಾಗುತ್ತಿತ್ತು. 1844ರಲ್ಲಿ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚುಮೊಳೆಗಳ ಮುದ್ರಣಕ್ಕೆ ಬದಲಾದದ್ದು ನಮ್ಮ ಬಳ್ಳಾರಿಯಲ್ಲೇ. ಕಂಪ್ಯೂಟರಿನ ಕಾಲಕ್ಕೆ 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ಇಂದು ‘ಬಾಲೂ ತಮ್ಮ’, ‘ನೋಟೊ’ ಮುಂತಾದ ಯೂನಿಕೋಡ್ ಅಕ್ಷರ ವಿನ್ಯಾಸಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ವ್ಯಾಪಾರಕ್ಕೆ ಬಳಸಿದರೂ ಇವಕ್ಕೆ ಹಣ ಕೊಡಬೇಕಿಲ್ಲ.

ಆದರೆ ಅದೇ ಕಂಪ್ಯೂಟರು ಫ್ಲೆಕ್ಸನ್ನೂ ತಂದಿತು. ಗಂಟೆಯೊಳಗೆ, ಕಡಿಮೆ ದರದಲ್ಲಿ, ಬೇಕಾದ ಚಿತ್ರದೊಡನೆ ಬೋರ್ಡು ಸಿದ್ಧ. ಇಪ್ಪತ್ತೊಂದನೇ ಶತಮಾನದ ಮೊದಲ ದಶಕದಲ್ಲಿ ಊರೂರಿನ ಕಲಾವಿದರು ಬ್ರಶ್ಶು ಕೆಳಗಿಟ್ಟು ಮನೆಗೆ ಬಣ್ಣ ಬಳಿಯುವ ಕೆಲಸಕ್ಕೋ, ಫ್ಲೆಕ್ಸ್ ಅಂಗಡಿಗೋ ಹೋದರು. ಎರಡೇ ಮಳೆಗಾಲಕ್ಕೆ ಬಿಸಿಲಿಗೆ ಬೆಳ್ಳಗಾಗಿ ಹರಿಯುವ ಫ್ಲೆಕ್ಸ್ ನಿಜಕ್ಕೂ ಅಗ್ಗವೇ ಎಂದು ಆಗ ಯಾರೂ ಕೇಳಲಿಲ್ಲ. 2016ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿತು. ಬೀದಿಗಳಲ್ಲಿ ಅವು ಇನ್ನೂ ಕಾಣುತ್ತಿವೆ ಎಂಬುದು ಬೇರೆ ಮಾತು. ಇತ್ತ ಬೋರ್ಡು ಕಲಾವಿದರ ಅಕ್ಷರಗಳನ್ನು ಉಳಿಸುವ ಯತ್ನಗಳೂ ನಡೆದವು. 2024ರಲ್ಲಿ ತೀರಿಕೊಂಡ ಕಲಾವಿದ ಹನೀಫ್ ಕುರೇಶಿ ಅವರು ದೇಶದ ಬೀದಿ ಬರಹಗಾರರ ಅಕ್ಷರಗಳನ್ನು ಸಂಗ್ರಹಿಸಿ ಕಂಪ್ಯೂಟರ್ ಅಕ್ಷರಗಳಾಗಿ ಪರಿವರ್ತಿಸಿದ್ದರು.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ವ್ಯಾಪಾರ ಚಿಹ್ನೆಗಳ ನೋಂದಣಿಗೆ 1940ರ ಕಾಯ್ದೆ, ಆಮೇಲೆ 1958ರ ಕಾಯ್ದೆ ಇದ್ದವು. ಇವೆರಡೂ ಸರಕುಗಳಿಗೆ ಮಾತ್ರ. ಸಾಬೂನಿಗೆ, ಪೌಡರಿಗೆ ಚಿಹ್ನೆ ನೋಂದಾಯಿಸಬಹುದಿತ್ತು. ಕೂದಲು ಕತ್ತರಿಸುವ ಸೇವೆಗೆ ಆಗುತ್ತಿರಲಿಲ್ಲ. 1999ರ ಕಾಯ್ದೆ 2003ರ ಸೆಪ್ಟೆಂಬರ್ 15ರಂದು ಜಾರಿಯಾದ ಮೇಲೆಯೇ ಸೇವೆಗಳಿಗೂ ಆ ಅವಕಾಶ ಸಿಕ್ಕಿತು. ಸೌಂದರ್ಯ ಸೇವೆಗಳು ಬರುವುದು 44ನೇ ವರ್ಗದಲ್ಲಿ. ಸೌಂದರ್ಯ ಸಾಮಗ್ರಿಗಳು 3ನೇ ವರ್ಗದಲ್ಲಿ. 2017ರ ನಿಯಮಗಳಂತೆ ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ಇತರರಿಗೆ 9,000. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ನೋಂದಣಿ ಹತ್ತು ವರ್ಷಕ್ಕೆ; ಬಳಿಕ ನವೀಕರಿಸಬಹುದು.

ಎಲ್ಲ ಹೆಸರೂ ಒಬ್ಬರ ಸ್ವತ್ತಾಗುವುದಿಲ್ಲ. ಅಗರಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ತನ್ನದಾಗಿಸಿಕೊಳ್ಳಲು ಹೊರಟ ವ್ಯಾಪಾರಿಗೆ ಸುಪ್ರೀಂ ಕೋರ್ಟು 2015ರಲ್ಲಿ ಅದನ್ನು ನಿರಾಕರಿಸಿತು. ಪವಿತ್ರ ಗ್ರಂಥದ ಹೆಸರು ಎಲ್ಲರದು ಎಂಬುದು ಅದರ ಭಾವ. ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರನ, ಮೈಲಾರದಲ್ಲಿ ಮೈಲಾರಲಿಂಗನ ಹೆಸರನ್ನು ಅಂಗಡಿಗೆ ಇಡುವುದು ಭಕ್ತಿಯ ವಿಷಯ. ಅದರಲ್ಲಿ ತಪ್ಪಿಲ್ಲ. ಆದರೆ ಆ ಹೆಸರಿನ ಅಂಗಡಿ ಹತ್ತಿರುವಲ್ಲಿ ಹನ್ನೊಂದನೆಯದನ್ನು ಗಿರಾಕಿ ಗುರುತಿಸುವುದು ಹೇಗೆ? ದೇವರ ಹೆಸರಿನ ಜೊತೆ ತನ್ನದೇ ಆದ ಇನ್ನೊಂದು ಪದ ಬೇಕು. ಹಾಗೆಯೇ ‘ಹಡಗಲಿ ಮಲ್ಲಿಗೆ’ಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅದು ಆ ಸೀಮೆಯ ಬೆಳೆಗಾರರೆಲ್ಲರ ಸ್ವತ್ತು, ಒಬ್ಬರದಲ್ಲ.

ಕನ್ನಡದ ಸ್ಥಾನವೂ ಈಗ ಕಾನೂನಿನ ಮಾತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯಂತೆ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು, ಕನ್ನಡವೇ ಮೇಲ್ಭಾಗದಲ್ಲಿರಬೇಕು. ಇಂಗ್ಲಿಷ್ ಲೋಗೋ ಮಾಡಿಸಿ ಆಮೇಲೆ ಮೂಲೆಯಲ್ಲಿ ಕನ್ನಡ ಸೇರಿಸುವ ಬದಲು ಮೊದಲೇ ಕನ್ನಡದಲ್ಲಿ ರೂಪಿಸಿದರೆ ಎರಡು ಖರ್ಚು ತಪ್ಪುತ್ತದೆ.

ಕಡಿಮೆ ಖರ್ಚಿನ ದಾರಿ

ಹಾಗಾದರೆ ಸಣ್ಣ ಪಾರ್ಲರಿನ ಒಡತಿ ಮಾಡಬೇಕಾದದ್ದೇನು? ಇಷ್ಟು ಇತಿಹಾಸದಿಂದ ಹೊರಡುವ ಮೊದಲ ಪಾಠ, ಚಿತ್ರಕ್ಕಿಂತ ಹೆಸರು ಮುಖ್ಯ ಎಂಬುದು. ಹೇಳಲು ಸುಲಭವಾದ, ಒತ್ತಕ್ಷರ ಕಡಿಮೆ ಇರುವ, ಊರಿನಲ್ಲಿ ಬೇರೆ ಯಾರೂ ಇಟ್ಟಿರದ ಹೆಸರಿಗೆ ಹಣ ಬೇಕಿಲ್ಲ, ಯೋಚನೆ ಬೇಕು. ಎರಡನೆಯದು, ಒಂದೇ ಬಣ್ಣದಲ್ಲಿಯೂ ನಿಲ್ಲುವ ಗುರುತು. ಬೋರ್ಡಿನ ಮೇಲೆ ಚೆನ್ನಾಗಿ ಕಾಣುವ ಚಿತ್ರ ರಬ್ಬರ್ ಮೊಹರಿನಲ್ಲಿ, ರಸೀದಿಯಲ್ಲಿ, ಮೊಬೈಲಿನ ಚಿಕ್ಕ ವೃತ್ತದಲ್ಲಿ ಮಸಿಯ ಕಲೆಯಂತೆ ಕಂಡರೆ ಪ್ರಯೋಜನವಿಲ್ಲ. ರಂಗೋಲಿಯ ಒಂದು ಎಳೆ, ಹೆಸರಿನ ಮೊದಲ ಅಕ್ಷರ, ಒಂದು ಹೂವು ಇಷ್ಟೇ ಸಾಕು.

ಮೂರನೆಯದು, ಬರೆಸುವುದು ಯಾರಿಂದ ಎಂಬುದು. ಊರಿನಲ್ಲಿ ಇನ್ನೂ ಬ್ರಶ್ಶು ಹಿಡಿಯಬಲ್ಲ ಕಲಾವಿದರಿದ್ದರೆ ಅವರಿಂದಲೇ ಹೆಸರು ಬರೆಸಿ, ಅದರ ಫೋಟೋ ತೆಗೆದು ಚೀಟಿ, ರಸೀದಿಗಳಿಗೂ ಅದನ್ನೇ ಬಳಸಬಹುದು. ಆ ಅಕ್ಷರ ಜಗತ್ತಿನಲ್ಲಿ ಇನ್ನೊಂದಿರುವುದಿಲ್ಲ. ಮೊಬೈಲಿನ ಸಿದ್ಧ ಮಾದರಿಗಳು ಅಗ್ಗವೇನೋ ಹೌದು. ಆದರೆ ಸಾವಿರಾರು ಮಂದಿ ಬಳಸುವ ಚಿತ್ರವನ್ನು ‘ನನ್ನದು’ ಎಂದು ನೋಂದಾಯಿಸುವುದು ಕಷ್ಟ. ಕಲಾವಿದರಿಂದ ಬರೆಸಿದಾಗ ಒಂದು ಎಚ್ಚರ ಬೇಕು. ಹಣ ಕೊಟ್ಟ ಮಾತ್ರಕ್ಕೆ ಚಿತ್ರದ ಹಕ್ಕು ತಾನಾಗಿ ಬಂತೆಂದು ತಿಳಿಯದೆ, ಹಕ್ಕನ್ನು ವಹಿಸಿಕೊಟ್ಟಿದ್ದೇನೆ ಎಂದು ಒಂದು ಹಾಳೆಯ ಮೇಲೆ ಅವರಿಂದ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಇಂಥ ವರ್ಗಾವಣೆ ಲಿಖಿತವಾಗಿರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಲೆಕ್ಕ.

ಹಣಕ್ಕೂ ದಾರಿಗಳಿವೆ. 2015ರ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲವುಂಟು. ಪಾರ್ಲರುಗಳೂ ಅದರ ವ್ಯಾಪ್ತಿಗೆ ಬರುತ್ತವೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಕ್ಷೌರಿಕ ವೃತ್ತಿ ಇದೆ; ಉಪಕರಣಗಳಿಗೆ 15,000 ರೂಪಾಯಿ ನೆರವಿನ ಜೊತೆ ಬ್ರಾಂಡಿಂಗ್, ಮಾರುಕಟ್ಟೆ ಬೆಂಬಲವೂ ಅದರ ಭಾಗ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದಾದ್ಯಂತ ಬೆಳೆದ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳು ಬ್ಯೂಟಿ ಪಾರ್ಲರ್ ತರಬೇತಿಯನ್ನು ಉಚಿತವಾಗಿ ನೀಡುತ್ತವೆ.

ಒಂದು ಮಾತನ್ನು ಗಮನಿಸಬೇಕು. ನಮ್ಮ ಪೇಟೆಗಳ ಬೋರ್ಡುಗಳಲ್ಲಿ ಬಹುಕಾಲ ಕಾಣುತ್ತಿದ್ದುದು ದೇವರ ಹೆಸರು, ಅಪ್ಪ ಮಕ್ಕಳ ಹೆಸರು, ಮನೆತನದ ಹೆಸರು. ಹೆಣ್ಣೊಬ್ಬಳು ತಾನೇ ಒಡತಿಯಾಗಿ, ತಾನೇ ಆರಿಸಿದ ಹೆಸರನ್ನು ಬೀದಿಗೆ ಮುಖಮಾಡಿ ನಿಲ್ಲಿಸುವುದು ಬ್ಯೂಟಿ ಪಾರ್ಲರ್, ಹೊಲಿಗೆ ಅಂಗಡಿಗಳಂಥ ಕೆಲವೇ ಕಡೆ ಸಾಧ್ಯವಾಗಿದೆ. ಲಿಂಗಮ್ಮ, ಭೀಮವ್ವನವರು ತಮ್ಮ ಅಂಕಿತವನ್ನು ತಾವೇ ಇಟ್ಟುಕೊಂಡ ನಾಡಿನಲ್ಲಿ ಇದು ಹೊಸ ಧೈರ್ಯವೇನಲ್ಲ, ಹಳೆಯದರ ಮುಂದುವರಿಕೆ. ಆ ತಗಡಿನ ಬೋರ್ಡಿಗೆ ಎಷ್ಟು ಖರ್ಚಾಯಿತು ಎಂಬುದಕ್ಕಿಂತ, ಅದರ ಮೇಲಿನ ಹೆಸರು ಅವಳದೇ ಆಗಿದೆಯೇ, ಅದರ ಕೆಳಗಿನ ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂಬುದು ಮುಖ್ಯ. ಬಣ್ಣ ಮಾಸಿದರೆ ಮತ್ತೆ ಬಳಿಸಬಹುದು.